ನಕ್ಷತ್ರಲೋಕಕ್ಕೆ ಮಾವನವರ ಷರಾ

ನಾನು ಮದುವೆಯಾಗಿ ಮಧುಗಿರಿಗೆ ಬಂದ ನಾಲ್ಕನೆಯ ವರ್ಷಕ್ಕೆ ನಮ್ಮ ಮಾವನವರ ಎರಡು ಕಣ್ಣಿಗೂ ಪೊರೆ ಬಲಿತುಬಿಟ್ಟಿತು. ಅವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಬೇರೆಯವರು ಬರೆದ ಕಾಗದಗಳಲ್ಲಿ ತಪ್ಪು ಹುಡುಕಿ, ಅಂಚಿನಲ್ಲಿ ಕೆಂಪು ಶಾಯಿಯಿಂದ ಷರಾ ಬರೆದು ಹಿಂದಕ್ಕೆ ಕಳಿಸುವುದೇ ಅವರ ಜೀವಮಾನದ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಆ ಕೈ ಸುಮ್ಮನಿರಲಿಲ್ಲ. ಮದುವೆಯ ಕರೆಯೋಲೆ ಬಂದರೆ ತಿದ್ದುತ್ತಿದ್ದರು. ಪಂಚಾಂಗದ ಅಂಚಿನಲ್ಲಿ ‘ಈ ಗ್ರಹಣ ಆಗಲಿಲ್ಲ’ ಎಂದು ಬರೆದಿಟ್ಟಿದ್ದರು. ತುಮಕೂರಿನಿಂದ ನಮ್ಮ ಅಪ್ಪ ಬರೆದ ಕಾಗದ ನನ್ನ ಕೈಸೇರುವ ಹೊತ್ತಿಗೆ ಅದರಲ್ಲಿ ಎರಡು ಮೂರು ಕಡೆ ಕೆಂಪು ಗೀಟು ಬಿದ್ದಿರುತ್ತಿತ್ತು. ನಮ್ಮ ಅಪ್ಪ ಶಾಲೆಯ ಹೆಡ್‌ಮಾಸ್ತರರು ಎನ್ನುವುದು ಈ ವಿಷಯದಲ್ಲಿ ಅವರಿಗೆ ಅಡ್ಡ ಬರಲಿಲ್ಲ.

ಅಂಥವರಿಗೆ ಕಣ್ಣು ಕಾಣದಾಯಿತು. ಎದುರಿಗಿದ್ದ ಬೆಟ್ಟವೇ ಕಾಣುವುದಿಲ್ಲ ಎಂದರು ಒಂದು ಬೆಳಿಗ್ಗೆ. ಮಧುಗಿರಿಯಲ್ಲಿದ್ದುಕೊಂಡು ಆ ಒಂಟಿ ಬಂಡೆಯ ಬೆಟ್ಟ ಕಾಣಲಿಲ್ಲವೆಂದರೆ ಇನ್ನೇನು ಉಳಿಯಿತು? ಪಡಸಾಲೆಯ ಆರಾಮ ಕುರ್ಚಿಯಲ್ಲಿ ಕೂತು, ಮನೆಯವರ ಮಾತುಗಳಲ್ಲಿ ತಪ್ಪು ಹುಡುಕಲು ಶುರುಮಾಡಿದರು. ಅತ್ತೆಯವರು ಎರಡು ತಿಂಗಳು ತಡೆದುಕೊಂಡರು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, ‘ನೀನು ಓದಿದೋಳು. ಏನಾನ ಓದಿ ಹೇಳಮ್ಮ ಅವರಿಗೆ. ಇಲ್ಲದಿದ್ರೆ ನಾನು ಈ ಮನೇಲಿ ಮಾತಾಡೋದೇ ಬುಟ್ಬುಡ್ತೀನಿ’ ಎಂದರು.

ನಮ್ಮ ಯಜಮಾನರು ಪಾವಗಡದ ಕಡೆ ರಸ್ತೆ ಓವರ್‌ಸಿಯರು. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು, ಬರುವಾಗಲೆಲ್ಲ ಅರ್ಧ ಕನ್ನಡ ಅಲ್ಲೇ ಬಿಟ್ಟು ಅರ್ಧ ತೆಲುಗು ತಂದಿರುತ್ತಿದ್ದರು. ಹಾಗಾಗಿ ಓದುವ ಹೊಣೆ ನನ್ನದೇ ಆಯಿತು. ನಾನು ಲೋಯರ್ ಸೆಕೆಂಡರಿ ಪಾಸು ಮಾಡಿದ್ದೆ. ಅಪ್ಪ ಮನೆಯಲ್ಲೇ ಕೂರಿಸಿಕೊಂಡು ಇಂಗ್ಲಿಷನ್ನೂ ಕಲಿಸಿದ್ದರು. ವಾರಕ್ಕೊಮ್ಮೆ ಬರುವ ಪತ್ರಿಕೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಪುರಾಣ ಓದಲು ಹೋದರೆ ಮಾವನವರಿಗೆ ಎಲ್ಲ ಬಾಯಿಪಾಠ, ನನಗಿಂತ ಒಂದು ಸಾಲು ಮುಂದೆ ಇರುತ್ತಿದ್ದರು.

ಆಗ ಬಂದದ್ದು ಆ ಪೆಟ್ಟಿಗೆ. ತಂದವರು ಮಾವನವರ ಹಳೆಯ ಸ್ನೇಹಿತರು, ಶಿರಾದ ಸಾಹೇಬರು. ಅಬ್ಕಾರಿ ಇಲಾಖೆಯಲ್ಲಿದ್ದು ನಿವೃತ್ತರಾಗಿ, ಅಲ್ಲಿನ ದೊಡ್ಡ ಮಸೀದಿಯ ಹಿಂದಿನ ಬೀದಿಯಲ್ಲಿ ವಾಸವಾಗಿದ್ದರು. ಗಣಿ ಹುಡುಕಲು ಬಂದಿದ್ದ ಬಿಳಿಯನೊಬ್ಬ ಏನೂ ಸಿಕ್ಕದೆ ಊರಿಗೆ ಹೊರಟಾಗ ಅವನ ಸಾಮಾನು ಹರಾಜಿಗೆ ಬಂತಂತೆ. ಸಾಹೇಬರು ಕೂಗಿದ್ದು ಒಂದು ಬೆತ್ತದ ಕುರ್ಚಿಗೆ. ಕುರ್ಚಿಯ ಜೊತೆಗೆ ಪುಸ್ತಕದ ಪೆಟ್ಟಿಗೆಯನ್ನೂ ತೆಗೆದುಕೊಂಡು ಹೋಗಲೇಬೇಕು ಎಂದರಂತೆ. ಅವರು ಅದನ್ನು ಕಡಲೆಕಾಯಿ ಮೂಟೆಗಳ ಲಾರಿಯಲ್ಲಿ ಹೇರಿಸಿಕೊಂಡು ತಾವೂ ಅದರಲ್ಲೇ ಬಂದು ನಮ್ಮ ಜಗಲಿಯ ಮೇಲೆ ಇಳಿಸಿದರು. ‘ತಗೊಳ್ಳಿ ಶಿರಸ್ತೇದಾರ್ ಸಾಬ್, ಎಲ್ಲಾ ಸೈನ್ಸು. ನಿಮ್ಮ ತಬಿಯತ್ತಿಗೆ ಸರಿಹೋಗ್ತದೆ’ ಎಂದರು. ರಟ್ಟಿನ ಮೇಲೆ ಗೋಲ, ಚಕ್ರ, ಹೊಗೆಕೊಳವೆ ಇವುಗಳ ಚಿತ್ರವಿದ್ದುದರಿಂದ ನಾವೂ ಅವು ಶಾಸ್ತ್ರದ ಪುಸ್ತಕಗಳೆಂದೇ ನಂಬಿದೆವು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಓದು ಶುರುವಾಯಿತು. ಮಾವನವರು ಪಡಸಾಲೆಯಲ್ಲಿ, ನಾನು ಹೊಸ್ತಿಲ ಈಚೆ, ಅತ್ತೆ ನನ್ನ ಪಕ್ಕದಲ್ಲಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು. ನಾನು ಇಂಗ್ಲಿಷಿನಲ್ಲಿ ಅರ್ಧ ಪುಟ ಓದಿದೆ. ಮಾವನವರು ಕೈ ಎತ್ತಿ ನಿಲ್ಲಿಸಿದರು. ಕಣ್ಣು ಹೋಗಿದೆ, ನಿನ್ನ ಇಂಗ್ಲಿಷು ಕೇಳಿದರೆ ಕಿವಿಯೂ ಹೋಗುತ್ತದೆ, ಮನಸ್ಸಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳು ಎಂದು ಅಪ್ಪಣೆ ಮಾಡಿದರು. ಆ ಅಪ್ಪಣೆಯಿಂದ ಮುಂದೆ ಏನೇನಾದೀತು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮೊದಲನೆಯ ಪುಸ್ತಕದಲ್ಲಿ ಒಬ್ಬ ಪ್ರೊಫೆಸರು. ಉಕ್ಕಿನ ಪಟ್ಟಿಯನ್ನು ಗಡಿಯಾರದ ಸ್ಪ್ರಿಂಗಿನಂತೆ ಆರು ತಿಂಗಳು ಸುತ್ತಿ, ಅದು ಬಿಚ್ಚಿಕೊಳ್ಳುವ ರಭಸಕ್ಕೆ ಒಂದು ವಾಹನವನ್ನು ಶುಕ್ರಗ್ರಹಕ್ಕೆ ಚಿಮ್ಮಿಸುತ್ತಾನೆ. ಒಳಗೆ ಅವನು, ಅವನ ಮಗಳು, ಅವಳನ್ನು ಮದುವೆಯಾಗಲಿರುವ ಕ್ಯಾಪ್ಟನ್ನು. ಎರಡು ದಿನ ಮಾವನವರು ಇದನ್ನು ಯಾವುದೋ ಇಲಾಖೆಯ ವರದಿಯೆಂದೇ ತಿಳಿದು ಗಂಭೀರವಾಗಿ ಕೇಳಿದರು. ಇದು ಯಾವ ವರ್ಷದ್ದು, ಉಕ್ಕು ಎಲ್ಲಿಂದ ತರಿಸಿದರು, ಮಂಜೂರಾತಿ ಯಾರು ಕೊಟ್ಟರು ಎಂದು ನಡುನಡುವೆ ಕೇಳುತ್ತಿದ್ದರು. ಮೂರನೆಯ ದಿನ ಶುಕ್ರಲೋಕದ ಹಸಿರು ಮೈಯ ಜನ ಎದುರು ಬಂದು ಕ್ಯಾಪ್ಟನ್ನನಿಗೆ ಕೈಮುಗಿದಾಗ ಅವರಿಗೆ ಅನುಮಾನ ಬಂತು. ‘ಇದು ಕಟ್ಟುಕತೆಯೇನಮ್ಮ?’ ಎಂದರು. ನಾನು ಹೌದೆಂದೆ. ಕಟ್ಟುಕತೆಯಾದರೂ ಕ್ರಮಬದ್ಧವಾಗಿರಬೇಕು, ಮುಂದುವರಿಸು ಎಂದರು.

ಆ ಶುಕ್ರಲೋಕದವರು ಮೂರೇ ದಿನಗಳಲ್ಲಿ ಇಂಗ್ಲಿಷ್ ಕಲಿತುಬಿಡುತ್ತಾರೆ. ನಾನು ಎಂಟು ವರ್ಷ ಬೆತ್ತದ ಏಟಿನ ಸಮೇತ ಕಲಿತರೂ ಮಾವನವರ ಕಿವಿಗೆ ಹಿತವಾಗುವಷ್ಟು ಬಂದಿರಲಿಲ್ಲ. ಕ್ಯಾಪ್ಟನ್ನು ಅಲ್ಲಿ ಇಳಿದವನೇ ಬಾವುಟ ನೆಟ್ಟು ಈ ಲೋಕ ನಮ್ಮ ದೊರೆಯದು ಎಂದು ಘೋಷಿಸುತ್ತಾನೆ. ಹಸಿರು ಜನ ಚಪ್ಪಾಳೆ ತಟ್ಟುತ್ತಾರೆ. ಮಾವನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಒಂದು ನೋಟುಬುಕ್ಕು ತರಿಸಿ ನನ್ನಿಂದ ಬರೆಸಿದರು: ‘ಬಾವುಟ ನೆಟ್ಟ ಜಮೀನಿಗೆ ನಾಲ್ಕು ಎಲ್ಲೆಯ ಚಕ್ಕುಬಂದಿ ನಮೂದಿಸಿಲ್ಲ. ಹಾಲಿ ಅನುಭವದಲ್ಲಿರುವವರಿಗೆ ನೋಟೀಸು ಜಾರಿಯಾದ ಬಗ್ಗೆ ದಾಖಲೆ ಇಲ್ಲ. ಚಪ್ಪಾಳೆಯನ್ನು ಒಪ್ಪಿಗೆಯೆಂದು ಪರಿಗಣಿಸಲು ಬರುವುದಿಲ್ಲ. ಹಿಂದಕ್ಕೆ ಕಳಿಸಿದೆ.’ ಇದು ಅವರ ಮೊದಲ ಷರಾ.

ಅತ್ತೆಯವರ ಆಕ್ಷೇಪಣೆ ಬೇರೆಯಾಗಿತ್ತು. ಶುಕ್ರ ಎದುರಿಗಿರುವಾಗ ಹೊಸ ಸೊಸೆಯನ್ನು ಗಂಡನ ಮನೆಗೆ ಕಳಿಸುವುದಿಲ್ಲವೆಂಬ ಪದ್ಧತಿ ನಮ್ಮಲ್ಲಿತ್ತು. ಅದರಿಂದಾಗಿ ನಾನೇ ಒಂದು ತಿಂಗಳು ತವರಿನಲ್ಲಿ ಹೆಚ್ಚು ಉಳಿದಿದ್ದೆ. ‘ಇವರು ನೋಡಿದ್ರೆ ಶುಕ್ರನ ಮುಖಕ್ಕೇ ಹೊರಟವ್ರೆ. ಅದೂ ಲಗ್ನ ಆಗ್ದಿರೋ ಹೆಣ್ಣು ಮಗೀನ ಕರ್ಕೊಂಡು. ಹೆಂಗೆ ಒಳ್ಳೇದಾದೀತು?’ ಎಂದರು. ನಿಜಕ್ಕೂ ಒಳ್ಳೆಯದಾಗಲಿಲ್ಲ. ವಾಹನ ಇಳಿಯುವಾಗ ಕಾಲು ಮುರಿದುಕೊಂಡು, ಪ್ರೊಫೆಸರು ನಲವತ್ತು ಪುಟ ಮಲಗಿಯೇ ವಿವರಣೆ ಕೊಟ್ಟ.

ಹುಲಿಕುಂಟೆಯ ಹತ್ತಿರ ನಮ್ಮ ಹೊಲ ಮಾಡುತ್ತಿದ್ದ, ಕುರಿಯೂ ಕಾಯುತ್ತಿದ್ದ ಒಬ್ಬ ಮುದುಕ ಆ ದಿನಗಳಲ್ಲಿ ಹುರುಳಿ ಕೊಡಲು ಬಂದವನು ಜಗಲಿಯ ಮೇಲೆ ಕೂತು ಒಂದು ಮಧ್ಯಾಹ್ನ ಪೂರ್ತಿ ಕೇಳಿದ. ಎಲ್ಲ ಮುಗಿದ ಮೇಲೆ ಕಂಬಳಿ ಹೆಗಲಿಗೆ ಹಾಕಿಕೊಳ್ಳುತ್ತಾ, ಅಲ್ಲಿ ಮೇವು ಹೆಂಗೈತೆ, ನೀರು ಎಷ್ಟು ಆಳದಲ್ಲಿ ಸಿಗ್ತೈತೆ ಎಂದು ಕೇಳಿದ. ನಾನು ಪುಟ ತಿರುವಿ ನೋಡಿ, ಬರೆದಿಲ್ಲ ಎಂದೆ. ‘ಅಷ್ಟು ದೂರ ಹೋಗಿ ಬಂದೋನು ಹುಲ್ಲು ನೋಡ್ಲಿಲ್ವಾ ಅವ್ವಾ?’ ಎಂದು ಹೇಳಿ ಹೊರಟುಹೋದ. ಆ ಮಾತನ್ನೂ ಮಾವನವರು ನೋಟುಬುಕ್ಕಿನಲ್ಲಿ ಬರೆಸಿದರು.

ಹೀಗೆ ಪೆಟ್ಟಿಗೆಯ ಪುಸ್ತಕಗಳು ಒಂದೊಂದಾಗಿ ಮುಗಿಯುತ್ತಾ ಬಂದವು. ನಾಲ್ಕೈದು ಓದುವಷ್ಟರಲ್ಲಿ ನನಗೆ ಅವುಗಳ ಹದ ತಿಳಿದುಹೋಯಿತು. ಪ್ರತಿಯೊಂದರಲ್ಲೂ ಒಬ್ಬ ಗಡ್ಡದ ಪ್ರೊಫೆಸರು ಇರುತ್ತಾನೆ. ಅವನಿಗೆ ಹೆಂಡತಿ ಇರುವುದಿಲ್ಲ, ಆದರೆ ಮಗಳಿರುತ್ತಾಳೆ. ಯಂತ್ರ ನಡೆಯುವುದು ಹೇಗೆಂದು ಅವನು ಅಧ್ಯಾಯಗಟ್ಟಲೆ ಹೇಳುತ್ತಾನೆ, ಕೇಳುವವನು ‘ಅದ್ಭುತ’ ಎನ್ನುತ್ತಾನೆ, ಇಬ್ಬರಿಗೂ ಹಸಿವಾಗುವುದಿಲ್ಲ. ಆಕಾಶದಲ್ಲಿ ಎಷ್ಟು ದೂರ ಹೋದರೂ ಸಂಜೆಯ ಟೀ ತಪ್ಪುವುದಿಲ್ಲ, ಆದರೆ ಲೋಟ ತೊಳೆದವರು ಯಾರೆಂದು ಗೊತ್ತಾಗುವುದಿಲ್ಲ. ಯಾವ ಗ್ರಹದಲ್ಲೂ ಅತ್ತೆ ಇಲ್ಲ. ಸಾವಿರ ವರ್ಷದ ಮುಂದಿನ ಪಟ್ಟಣದಲ್ಲೂ ಗಂಡಸರು ಟೋಪಿ ಎತ್ತಿ ವಂದಿಸುತ್ತಾರೆ, ಹೆಂಗಸರು ಮೂರ್ಛೆ ಹೋಗುತ್ತಾರೆ. ಆ ಪ್ರೊಫೆಸರ ಮಗಳಂತೂ ಶುಕ್ರಲೋಕದ ಕತೆಯಲ್ಲೇ ಹನ್ನೊಂದು ಸಲ ಮೂರ್ಛೆ ಹೋದಳು. ನಾನು ಎಣಿಸಿದ್ದೇನೆ.

ಒಂದು ಪುಸ್ತಕದಲ್ಲಿ ಒಂದು ಗುಳಿಗೆ ನುಂಗಿದರೆ ದಿನದ ಊಟ ಮುಗಿಯುವ ಪಟ್ಟಣವಿತ್ತು. ಅಲ್ಲಿ ಅಡುಗೆಮನೆಗಳನ್ನೇ ಕೆಡವಿಹಾಕಿದ್ದರು. ನಾನು ಇದನ್ನು ತುಸು ಆಸೆಯಿಂದಲೇ ಓದಿದೆ. ಅತ್ತೆಗೂ ಮೊದಲು ಸಂತೋಷವಾಯಿತು, ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. ಆಮೇಲೆ, ಹಂಗಾದರೆ ಬಂದ ನೆಂಟರು ಗುಳಿಗೆ ನುಂಗಿ ಎದ್ದುಹೋಗಿಬಿಡ್ತಾರಲ್ಲ, ಅವರ ಊರ ಸುದ್ದಿ ಕೇಳೋದು ಯಾವಾಗ ಎಂದು ಚಿಂತೆಗೆ ಬಿದ್ದರು. ಇನ್ನೊಂದರಲ್ಲಿ ಕಬ್ಬಿಣದ ಆಳು ಬಂದ. ಅವನು ರಾಗಿ ಬೀಸುತ್ತಾನೆಯೇ ಎಂದು ಅತ್ತೆ ಕೇಳಿದರು. ಅವನು ಇಡೀ ಕಾದಂಬರಿಯಲ್ಲಿ ಮಾಡಿದ್ದು ಬಾಗಿಲು ತೆಗೆಯುವುದು ಮತ್ತು ಯಜಮಾನನ ಕೋಟು ಹಿಡಿದುಕೊಳ್ಳುವುದು. ಅಷ್ಟಕ್ಕೆ ಅಷ್ಟೊಂದು ಕಬ್ಬಿಣವೇ ಎಂದು ಅವರಿಗೆ ಆಸಕ್ತಿ ಹೊರಟುಹೋಯಿತು. ಸಿದ್ದರಬೆಟ್ಟದ ಸಿದ್ಧರು ಯಾವ ಯಂತ್ರವೂ ಇಲ್ಲದೆ ಗಾಳಿಯಲ್ಲಿ ಓಡಾಡುತ್ತಿದ್ದರೆಂದು ಅವರು ತಮ್ಮ ಅಜ್ಜಿಯಿಂದ ಕೇಳಿದ್ದರು. ಈ ಬಿಳಿಯರು ಅದನ್ನೇ ಇಷ್ಟು ಸದ್ದು ಮಾಡಿಕೊಂಡು ಮಾಡುತ್ತಾರಲ್ಲ ಎಂಬುದು ಅವರ ಅಭಿಪ್ರಾಯ.

ನಾನು ಕತೆ ಬದಲಾಯಿಸಲು ಶುರುಮಾಡಿದ್ದು ಯಾವತ್ತು ಎಂದು ಹೇಳಲಾರೆ. ಮೊದಮೊದಲು ಅರ್ಥವಾಗದ ಪದ ಬಂದಾಗ ಏನೋ ಒಂದು ಹೇಳಿ ದಾಟುತ್ತಿದ್ದೆ. ಮನೆಯಲ್ಲಿ ನಿಘಂಟು ಇರಲಿಲ್ಲ. ಆಮೇಲೆ ಪ್ರೊಫೆಸರನ ವಿವರಣೆಯನ್ನು ಹತ್ತು ಪುಟದಿಂದ ಹತ್ತು ಸಾಲಿಗೆ ಇಳಿಸಿದೆ. ಒಂದು ದಿನ, ಬೇರೊಂದು ಪುಸ್ತಕದಲ್ಲಿ, ಸಮುದ್ರದ ತಳದಲ್ಲಿ ಯಂತ್ರ ಕೆಟ್ಟು ನಿಂತಾಗ ಪ್ರೊಫೆಸರನ ಮಗಳು ಮತ್ತೆ ಮೂರ್ಛೆ ಹೋದಳು. ನನಗೆ ಸಿಟ್ಟು ಬಂತು. ‘ಕ್ಯಾಪ್ಟನ್ನು ಮೂರ್ಛೆ ಹೋದ. ಹುಡುಗಿ ಸೆರಗು ಸಿಕ್ಕಿಸಿಕೊಂಡು ಚಕ್ರ ತಿರುಗಿಸಿದಳು’ ಎಂದುಬಿಟ್ಟೆ. ಅತ್ತೆ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. ಗೌನು ತೊಟ್ಟ ಬಿಳಿ ಮೇಮು ಸೆರಗನ್ನು ಎಲ್ಲಿಂದ ತಂದಳು ಎಂದು ಮಾವನವರು ಕೇಳಿಬಿಟ್ಟಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆನೇನೋ. ಕೇಳಲಿಲ್ಲ. ಅಂದಿನಿಂದ ಆ ಹುಡುಗಿ ಎಲ್ಲ ಪುಸ್ತಕಗಳಲ್ಲೂ ಯಂತ್ರ ನಡೆಸತೊಡಗಿದಳು. ಅತ್ತೆ ದಿನಾ ಊಟ ಬಡಿಸುವಾಗ, ಇವತ್ತು ಅವಳು ಏನು ಮಾಡ್ತಾಳೆ ಎಂದು ಕೇಳುವಂತಾದರು.

ಈ ನಡುವೆ ಮಾವನವರ ಕಣ್ಣಿಗೆ ಮದ್ದು ನಡೆದೇ ಇತ್ತು. ಸಿದ್ದರಬೆಟ್ಟದ ಕಡೆಯಿಂದ ಯಾರೋ ಬೇರು ತಂದು ರಸ ಹಿಂಡಿದರು. ಒಂದು ವಾರ ಕಣ್ಣು ಕೆಂಡವಾಯಿತೇ ಹೊರತು ಬೇರೇನೂ ಆಗಲಿಲ್ಲ. ಶಿರಾದ ಸಾಹೇಬರು ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡು ಬಂದು ಎರಡು ವರ್ಷವಾಗಿತ್ತು. ದಪ್ಪ ಕನ್ನಡಕ ಹಾಕಿಕೊಂಡು ಕುರಾನು, ಪತ್ರಿಕೆ, ಲಾರಿಯ ನಂಬರು ಎಲ್ಲ ಓದುತ್ತಿದ್ದರು. ನೀವೂ ಹೋಗಿ ಎಂದು ಬಂದಾಗಲೆಲ್ಲ ಹೇಳುತ್ತಿದ್ದರು. ಮಾವನವರು ಒಪ್ಪಲಿಲ್ಲ. ಕೊರಟಗೆರೆಯಲ್ಲಿದ್ದ ಅವರ ಹಳೆಯ ಸಹೋದ್ಯೋಗಿಯೊಬ್ಬರಿಗೆ ಎಲ್ಲೋ ಕಣ್ಣು ಕೊಯ್ಯಿಸಿ ಇದ್ದ ಮಸುಕು ಬೆಳಕೂ ಹೋಗಿತ್ತು. ಆ ಭಯ ಅವರಿಗಿತ್ತು. ಭಯವೆಂದು ಮಾತ್ರ ಅವರು ಹೇಳುತ್ತಿರಲಿಲ್ಲ. ಸಾಹೇಬರು ಹೇಳುವುದು ಬರೀ ಬಾಯಿಮಾತು, ದಾಖಲೆ ಏನಿದೆ ಎನ್ನುತ್ತಿದ್ದರು. ಆ ದಾಖಲೆ ಎದುರಿಗೇ ಕನ್ನಡಕ ಹಾಕಿಕೊಂಡು ಕೂತು ಕಾಫಿ ಕುಡಿಯುತ್ತಿತ್ತು.

ಪೆಟ್ಟಿಗೆಯ ತಳದಿಂದ ಎರಡನೆಯ ಪುಸ್ತಕ ತೆಗೆದೆ. ಅದು ಕುರುಡನಾದ ಒಬ್ಬ ನ್ಯಾಯಾಧೀಶನ ಕತೆ. ಒಬ್ಬ ವೈದ್ಯ ಅವನಿಗೆ ಹರಳಿನ ಕಣ್ಣು ಕೂರಿಸುತ್ತಾನೆ. ಎಲ್ಲ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಒಂದು ಕ್ಷಣ ತಡವಾಗಿ. ಎದುರಿಗಿದ್ದವನು ತುಟಿ ಅಲ್ಲಾಡಿಸುವುದು ಮಾತು ಕೇಳಿಸಿದ ಮೇಲೆ ಕಾಣುತ್ತದೆ. ಇಲ್ಲಿಯವರೆಗೆ ಓದಿ ಅಂದಿನದನ್ನು ಮುಗಿಸಿದೆ. ಮಾವನವರು ಆ ದಿನ ಷರಾ ಬರೆಸಲಿಲ್ಲ. ಅವರು ಯಾವ ಪುಸ್ತಕವನ್ನೂ ಹೀಗೆ ಕೇಳಿರಲಿಲ್ಲ.

ನನಗೇಕೋ ಅನುಮಾನವಾಗಿ ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕೂತು ಉಳಿದದ್ದನ್ನು ಮೊದಲೇ ಓದಿಬಿಟ್ಟೆ. ಬೇಳೆ ಸೀದುಹೋಯಿತು. ಕತೆಯಲ್ಲಿ ಆ ತಡ ದಿನದಿನಕ್ಕೂ ಬೆಳೆಯುತ್ತದೆ. ಒಂದು ಕ್ಷಣವಿದ್ದದ್ದು ಒಂದು ಗಳಿಗೆಯಾಗಿ, ಕೊನೆಗೆ ಒಂದು ದಿನವಾಗುತ್ತದೆ. ನಿನ್ನೆ ಖಾಲಿಯಿದ್ದ ರಸ್ತೆ ಇವತ್ತು ಅವನಿಗೆ ಕಾಣುತ್ತದೆ. ಖಾಲಿಯೆಂದು ದಾಟಲು ಹೋಗಿ ಸಾರೋಟಿನ ಕೆಳಗೆ ಬಿದ್ದು ಸಾಯುತ್ತಾನೆ. ಕಣ್ಣಿಗೆ ಕತ್ತರಿ ಹಾಕಿಸಿಕೊಂಡರೆ ಸಾವೇ ಗತಿ ಎಂದು ಅಚ್ಚು ಹಾಕಿಸಿದ ಹಾಗಿತ್ತು. ಇದನ್ನು ಇದ್ದಂತೆ ಓದಿದರೆ ಮಾವನವರು ಇನ್ನು ಜನ್ಮದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ನನಗೆ ಖಚಿತವಾಯಿತು.

ಆ ಮಧ್ಯಾಹ್ನ ನಾನು ನ್ಯಾಯಾಧೀಶನನ್ನು ಸಾಯಿಸಲಿಲ್ಲ. ಪುಸ್ತಕವನ್ನು ಕಣ್ಣೆದುರು ಹಿಡಿದುಕೊಂಡು, ಪುಟ ತಿರುವುತ್ತಾ, ಇಲ್ಲದ್ದನ್ನು ಹೇಳಿದೆ. ವೈದ್ಯ ಮತ್ತೊಮ್ಮೆ ಪರೀಕ್ಷೆ ಮಾಡಿ ಒಂದು ಸಣ್ಣ ತಿರುಪು ಬಿಗಿ ಮಾಡಿದ, ತಡ ನಿಂತುಹೋಯಿತು ಎಂದೆ. ಹಾಸಿಗೆಯಲ್ಲಿ ಎಷ್ಟು ದಿನ ಮಲಗಿಸಿದರು ಎಂದು ಮಾವನವರು ಕೇಳಿದರು. ನನಗೆ ಸಾಹೇಬರು ಹೇಳಿದ್ದು ನೆನಪಿಗೆ ಬಂತು. ಹತ್ತು ದಿನ ಅಂಗಾತ ಮಲಗಿಸಿದರು, ಎರಡು ಕಣ್ಣಿಗೂ ಪಟ್ಟಿ ಕಟ್ಟಿದ್ದರು, ತಲೆ ಅಲ್ಲಾಡದ ಹಾಗೆ ಎರಡು ಕಡೆಯೂ ಮರಳಿನ ಚೀಲ ಇಟ್ಟಿದ್ದರು, ಗಂಜಿ ಕುಡಿಸಿದರು ಎಂದು ಸಾಹೇಬರ ಅನುಭವವನ್ನೆಲ್ಲ ನ್ಯಾಯಾಧೀಶನ ಮೈಮೇಲೆ ಹಾಕಿದೆ. ನೋವಿತ್ತೇ ಎಂದರು. ಕೊಯ್ಯುವಾಗ ಇರಲಿಲ್ಲ, ಆಮೇಲೆ ಎರಡು ದಿನ ಚುಚ್ಚುತ್ತಿತ್ತು ಎಂದೆ. ಹನ್ನೊಂದನೆಯ ದಿನ ಪಟ್ಟಿ ಬಿಚ್ಚಿದರು, ಕಿಟಕಿಯಾಚೆ ಮರ ಕಂಡಿತು ಎಂದು ಹೇಳಿ ಪುಸ್ತಕ ಮುಚ್ಚಿದೆ. ನನ್ನ ಕೈ ಬೆವರಿ ರಟ್ಟಿನ ಬಣ್ಣ ಅಂಗೈಗೆ ಹತ್ತಿತ್ತು.

ಮುಂದಿನ ವಾರ ಸಾಹೇಬರು ಬಂದಾಗ ಮಾವನವರು, ತಾವು ಬೆಂಗಳೂರಿಗೆ ಹೋಗಲು ನಿಶ್ಚಯಿಸಿರುವುದಾಗಿ ತಿಳಿಸಿದರು. ಸಾಹೇಬರಿಗೆ ಆಶ್ಚರ್ಯ. ನಾನು ಬಂದಾಗಲೆಲ್ಲ ಹೇಳಿದೆ, ನೀವು ಕೇಳಲಿಲ್ಲವಲ್ಲ ಎಂದರು. ‘ನೀವು ಹೇಳಿದ್ದು ಸರಿ ಸಾಬರೆ. ಆದ್ರೆ ಅದು ಅಚ್ಚಾಗಿರಲಿಲ್ಲ. ಇದು ಪುಸ್ತಕದಲ್ಲಿದೆ’ ಎಂದರು ಮಾವನವರು. ಸಾಹೇಬರು ತಮ್ಮ ದಪ್ಪ ಕನ್ನಡಕದ ಮೇಲಿಂದ ನನ್ನ ಕಡೆ ನೋಡಿದರು. ನಾನು ಕಾಫಿ ತರುವ ನೆವದಲ್ಲಿ ಒಳಗೆ ಹೋದೆ.

ಬಸ್ಸಿನಲ್ಲಿ ತುಮಕೂರಿಗೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಯಜಮಾನರು ರಜೆ ಹಾಕಿ ಬಂದು ನಮ್ಮನ್ನು ಬಿಟ್ಟು, ರಸ್ತೆ ಕೆಲಸ ನಿಂತುಹೋಗುತ್ತದೆಂದು ಪಾವಗಡಕ್ಕೆ ಹಿಂತಿರುಗಿದರು. ಅತ್ತೆ ಮತ್ತು ನಾನು ಉಳಿದೆವು. ಡಾಕ್ಟರು ಪರೀಕ್ಷೆ ಮಾಡಿ ಮೊದಲು ಬಲಗಣ್ಣು ಮಾಡೋಣ, ಕೇಳುವುದೇನಾದರೂ ಇದೆಯೇ ಎಂದರು. ಮಾವನವರು, ನೀವು ಮಾಡಿದ ಕಣ್ಣಿನಲ್ಲಿ ತಡ ಎಷ್ಟಿರುತ್ತದೆ ಎಂದು ಕೇಳಿದರು. ಡಾಕ್ಟರು ಹತ್ತು ದಿನ ಎಂದರು. ಹತ್ತು ದಿನ ತಡವಾಗಿ ಕಾಣುವ ಕಣ್ಣು ತಮಗೆ ಬೇಡವೆಂದು ಮಾವನವರು ಎದ್ದೇಬಿಟ್ಟರು. ನಾನು ಓಡಿಹೋಗಿ, ಡಾಕ್ಟರು ಹೇಳಿದ್ದು ಮನೆಗೆ ಕಳಿಸುವ ತಡ ಎಂದು ಬಿಡಿಸಿ ಹೇಳಿ ಕೂರಿಸಿದೆ. ನಿಮ್ಮ ಮಾವನವರಿಗೆ ಈ ವಿಚಾರವನ್ನೆಲ್ಲ ಹೇಳಿದವರು ಯಾರು ಎಂದು ಡಾಕ್ಟರು ಕೇಳಿದರು. ಯಾವುದೋ ಪುಸ್ತಕ ಸ್ವಾಮಿ ಎಂದೆ. ಮನೆಯಲ್ಲಿ ಓದುವವರಿದ್ದರೆ ಇದೇ ತೊಂದರೆ ಎಂದರು ಅವರು.

ಆ ಹತ್ತು ದಿನಗಳನ್ನು ನಾನು ಮರೆತಿಲ್ಲ. ಮಾವನವರು ಮರಳಿನ ಚೀಲಗಳ ನಡುವೆ ಅಲ್ಲಾಡದೆ ಮಲಗಿದ್ದರು. ನ್ಯಾಯಾಧೀಶನೂ ಹೀಗೇ ಮಲಗಿದ್ದ ಅಲ್ಲವೇನಮ್ಮ ಎಂದು ದಿನಕ್ಕೊಮ್ಮೆ ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ. ಮೂರನೆಯ ದಿನ ನೋವು ಹೆಚ್ಚಾಯಿತು. ಪುಸ್ತಕದಲ್ಲಿ ಎರಡೇ ದಿನ ಅಂತ ಇತ್ತು ಎಂದು ಅವರು ಮೆಲ್ಲಗೆ ಹೇಳಿದಾಗ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ವರಾಂಡಕ್ಕೆ ಹೋಗಿ ಅತ್ತೆಯವರಿಗೆ ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಅವರು, ಈಗ ಯಾರಿಗೂ ಹೇಳಬೇಡ, ಕಣ್ಣು ಬರಲಿ ಎಂದರು. ಆಮೇಲೆ, ಚಕ್ರ ತಿರುಗಿಸೋ ಹುಡುಗಿಯೂ ಸುಳ್ಳೇನಾ ಎಂದು ಕೇಳಿದರು. ಅವಳೂ ಸುಳ್ಳೇ ಎಂದೆ. ನ್ಯಾಯಾಧೀಶನ ವಿಷಯಕ್ಕಿಂತ ಅದೇ ಅವರಿಗೆ ಹೆಚ್ಚು ನೋವಾದಂತೆ ಕಂಡಿತು.

ಕಣ್ಣು ಬಂತು. ಪಟ್ಟಿ ಬಿಚ್ಚಿ, ಕೆಲವು ದಿನಗಳ ಮೇಲೆ ಮತ್ತೆ ಕರೆಸಿ ಗಾಜಿನ ಗುಂಡಿನಂಥ ಕನ್ನಡಕ ಹಾಕಿದಾಗ ಮಾವನವರು ಮೊದಲು ಓದಿದ್ದು ವಾರ್ಡಿನ ಗೋಡೆಯ ಮೇಲಿದ್ದ ನಿಯಮಗಳ ಫಲಕವನ್ನು. ನಾಲ್ಕನೆಯ ಸಾಲಿನಲ್ಲಿ ಒತ್ತಕ್ಷರ ಬಿಟ್ಟುಹೋಗಿದೆ ಎಂದು ನರ್ಸಮ್ಮನಿಗೆ ತಿಳಿಸಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಧುಗಿರಿಗೆ ಬಂದ ಮೂರನೆಯ ದಿನ ಅವರು ಪೆಟ್ಟಿಗೆ ತೆರೆಸಿದರು. ಓದಿ ಹೇಳಲು ನನ್ನನ್ನು ಕರೆಯಲಿಲ್ಲ. ತಾವೇ, ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದನೆಯದರಿಂದ ಓದಲು ಶುರುಮಾಡಿದರು. ಪಕ್ಕದಲ್ಲಿ ಷರಾ ಬರೆಸಿದ ನೋಟುಬುಕ್ಕು. ಅವರು ಪುಟ ತಿರುವುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಒಂದು ತಿಂಗಳು ಹೀಗೆ ನಡೆಯಿತು. ನ್ಯಾಯಾಧೀಶನ ಪುಸ್ತಕ ಮುಗಿದ ದಿನ ನನ್ನನ್ನು ಕರೆದು, ‘ನಕಲು ಅಸಲಿಗೆ ತಾಳೆಯಾಗ್ತಿಲ್ಲ. ನಾಳೆ ಮಧ್ಯಾಹ್ನದೊಳಗೆ ಸಮಜಾಯಿಷಿ ಬರೆದು ಕೊಡು’ ಎಂದರು.

ಮನೆಯ ಸೊಸೆಯಿಂದ ಬರಹದಲ್ಲಿ ಸಮಜಾಯಿಷಿ ಕೇಳಿದ ಮಾವನವರು ಮೈಸೂರು ಸೀಮೆಯಲ್ಲಿ ಬೇರೆ ಯಾರಾದರೂ ಇದ್ದರೋ ಇಲ್ಲವೋ ತಿಳಿಯದು. ನಾನು ಕೂತು ಬರೆದೆ. ಮೊದಲು ಪದ ಗೊತ್ತಿಲ್ಲದೆ ಬದಲಾಯಿಸಿದೆ, ಆಮೇಲೆ ಗೊತ್ತಿದ್ದೂ ಬದಲಾಯಿಸಿದೆ. ಹುಡುಗಿ ಯಂತ್ರ ನಡೆಸಿದ್ದು ನನ್ನ ಸ್ವಂತ. ನ್ಯಾಯಾಧೀಶನ ಸಾವನ್ನು ಬೇಕೆಂದೇ ಮುಚ್ಚಿಟ್ಟೆ, ಹತ್ತು ದಿನದ ವಿವರ ಶಿರಾದ ಸಾಹೇಬರದು. ತಪ್ಪಾಗಿದೆ. ಇಷ್ಟು ಬರೆದೆ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಬರೆಯಲು ಹೋದೆ, ಕೈ ಬರಲಿಲ್ಲ, ಅದನ್ನು ಬಿಟ್ಟೆ.

ಮಾವನವರು ಓದಿದರು. ಕೆಂಪು ಶಾಯಿಯಲ್ಲಿ ಎರಡು ಕಾಗುಣಿತ ತಿದ್ದಿದರು. ಕಾಗದ ಪಕ್ಕಕ್ಕಿಟ್ಟು ಕೇಳಿದರು. ‘ಕಣ್ಣು ಬರದೆ ಹೋಗಿದ್ರೆ ಏನು ಮಾಡ್ತಿದ್ದೆ?’

‘ಓದಿ ಹೇಳ್ತಿದ್ದೆ ಮಾವ. ನೀವಿರೋವರೆಗೂ.’

‘ಹಿಂಗೇ ತಿದ್ದಿ ತಿದ್ದಿ?’

‘ಹೌದು ಮಾವ.’

ತಮ್ಮ ಕಣ್ಣಿನ ವಿಷಯವನ್ನು ತಮಗೆ ತಿಳಿಸದೆ ಬೇರೆಯವರು ತೀರ್ಮಾನ ಮಾಡಿದ್ದರಿಂದ ಅವರಿಗೆ ನಿಜವಾಗಿ ನೋವಾಗಿತ್ತು. ಅದು ನ್ಯಾಯವಾದ ನೋವೇ. ಒಂದು ವಾರ ಅವರು ನನ್ನೊಡನೆ ಅತ್ತೆಯ ಮೂಲಕ ಮಾತಾಡಿದರು. ಆ ಸೊಸೆಗೆ ಹೇಳು, ಸಾರಿಗೆ ಉಪ್ಪು ಸಾಲದು ಎನ್ನುವರು. ನಾನು ಎರಡು ಗೇಣು ದೂರದಲ್ಲಿ ನಿಂತಿರುತ್ತಿದ್ದೆ.

ಇದನ್ನು ಮುರಿದವರು ಅತ್ತೆ. ಮಧ್ಯಾಹ್ನದ ಓದನ್ನು ಈಗ ಮಾವನವರೇ ನಡೆಸುತ್ತಿದ್ದರು. ಅಸಲನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ಇಳಿಸಿ ಅತ್ತೆಗೆ ಹೇಳುತ್ತಿದ್ದರು. ಪ್ರೊಫೆಸರು ಮತ್ತೆ ನಲವತ್ತು ಪುಟ ಮಾತಾಡತೊಡಗಿದ. ಎರಡನೆಯ ವಾರ ಹುಡುಗಿ ಏಳನೆಯ ಸಲ ಮೂರ್ಛೆ ಹೋದಾಗ ಅತ್ತೆ ಮೊರ ಎತ್ತಿಕೊಂಡು ಎದ್ದರು. ‘ನಿಮ್ಮ ಹುಡುಗಿ ಬರೀ ಬೀಳ್ತಾಳೆ. ಸುಳ್ಳೋ ದಿಟವೋ, ಸೊಸೆ ಹೇಳೋ ಹುಡುಗೀನೇ ಇರ್ಲಿ ಬುಡಿ’ ಎಂದು ಹಿತ್ತಲಿಗೆ ಹೋದರು. ಮಾವನವರು ಸ್ವಲ್ಪ ಹೊತ್ತು ಒಬ್ಬರೇ ಓದಿದರು. ಆಕಳಿಸಿದ್ದು ನನಗೆ ಕೇಳಿಸಿತು.

ಮರುದಿನ ಅವರು ಒಂದು ದಸ್ತು ಫುಲ್‌ಸ್ಕೇಪ್ ಕಾಗದ ತರಿಸಿ ನನ್ನ ಮುಂದಿಟ್ಟರು. ಶುಕ್ರಲೋಕದ್ದನ್ನು ಆ ಚಕ್ರ ತಿರುಗಿಸುವ ಹುಡುಗಿಯನ್ನಿಟ್ಟು ನಿನ್ನ ರೀತಿಯಲ್ಲೇ ಬರೆ, ಆದರೆ ಬರೆದ ಮೇಲೆ ನನಗೆ ತೋರಿಸು ಎಂದರು. ನಾನು ನಾಲ್ಕು ತಿಂಗಳು ಬರೆದೆ. ಸ್ಪ್ರಿಂಗು, ಪ್ರೊಫೆಸರು, ಕ್ಯಾಪ್ಟನ್ನು ಎಲ್ಲ ಬಿಟ್ಟುಹೋಗಿ, ನಮ್ಮ ಬೆಟ್ಟದ ತುದಿಯಿಂದ ಹೊರಡುವ ಬೇರೆಯೇ ಕತೆಯಾಯಿತು. ವಾಹನ ಇಳಿದ ಜಾಗಕ್ಕೆ ಮಾವನವರು ನಾಲ್ಕು ದಿಕ್ಕಿನ ಚಕ್ಕುಬಂದಿ ಸೇರಿಸಿದರು. ಹುಲ್ಲು, ನೀರಿನ ಆಳ ಎಲ್ಲ ನಮೂದಾಯಿತು. ಬಾವುಟ ನೆಡುವುದನ್ನು ಹೊಡೆದುಹಾಕಿ, ಅಲ್ಲಿನವರ ಅಪ್ಪಣೆ ಪಡೆದು ಮೂರು ದಿನ ತಂಗಿದರು ಎಂದು ಬರೆದರು. ಆ ಮೂರು ದಿನದ ಊಟದ ಏರ್ಪಾಡನ್ನು ಅತ್ತೆ ಹೇಳಿ ಬರೆಸಿದರು.

ಬೆಂಗಳೂರಿನ ಒಂದು ಮಾಸಪತ್ರಿಕೆಗೆ ಕಳಿಸಿದೆವು. ಎರಡು ತಿಂಗಳಾದ ಮೇಲೆ ಹಿಂದಕ್ಕೆ ಬಂತು. ಇದು ನಮ್ಮ ದೇಶದಲ್ಲಿ ಸಂಭವಿಸುವಂಥದ್ದಲ್ಲ, ಇದರಲ್ಲಿ ವಿಜ್ಞಾನಿಯಾಗಿ ಪುರುಷರು ಯಾರೂ ಕಾಣುತ್ತಿಲ್ಲ, ಊಟದ ಭಾಗ ಹೆಚ್ಚಾಯಿತು ಎಂದು ಸಂಪಾದಕರು ಬರೆದಿದ್ದರು. ಮಾವನವರು ಆ ಕಾಗದದಲ್ಲಿ ಮೂರು ತಪ್ಪು ಗುರುತಿಸಿ, ತಿದ್ದಿ, ಸಂಪಾದಕರಿಗೆ ವಾಪಸು ಕಳಿಸಿದರು. ಜೊತೆಗೆ ಮೇಲ್ಮನವಿ ಎಂಬ ತಲೆಬರಹದಲ್ಲಿ ಆರು ಪುಟದ ಪತ್ರ. ಉತ್ತರ ಬರಲಿಲ್ಲ. ಜ್ಞಾಪನ ಪತ್ರ ಹೋಯಿತು. ಅದಕ್ಕೂ ಬರಲಿಲ್ಲ. ಎರಡನೆಯ ಜ್ಞಾಪನ ಪತ್ರ ಹೋಗುವ ಹೊತ್ತಿಗೆ ಸಂಪಾದಕರು ಸೋತಿರಬೇಕು. ಕತೆಯ ನಡುವಿನ ಎರಡು ಪುಟವನ್ನು, ಹಿಂದಿಲ್ಲ ಮುಂದಿಲ್ಲದಂತೆ, ಸೋಪಿನ ಜಾಹೀರಾತಿನ ಪಕ್ಕದಲ್ಲಿ ‘ಒಬ್ಬ ಗೃಹಿಣಿ’ ಎಂಬ ಹೆಸರಿನಲ್ಲಿ ಅಚ್ಚು ಹಾಕಿದರು.

ಪತ್ರಿಕೆ ಬಂದ ದಿನವೇ ಯಜಮಾನರೂ ಪಾವಗಡದಿಂದ ಬಂದಿದ್ದರು. ನಾನು ಬರೆಯುವ ವಿಷಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಧೂಳು ತುಂಬಿದ ಕಾಲಿನಲ್ಲೇ ಜಗಲಿಯ ಮೇಲೆ ನಿಂತು ಎರಡು ಪುಟವನ್ನೂ ಓದಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ‘ಬಾಗುಂದಿ’ ಎಂದರು, ಚೆನ್ನಾಗಿದೆ ಎನ್ನುವುದನ್ನೂ ತೆಲುಗಿನಲ್ಲೇ. ಪತ್ರಿಕೆ ಮಡಿಸಿ ನನ್ನ ಕೈಗೆ ಕೊಟ್ಟು, ಇದನ್ನು ಬರೆದವರು ಯಾರಂತೆ ಎಂದು ಕೇಳಿದರು.